ಮೊದಲು ಮೂಟೆ

ಈ ಕಥೆಯನ್ನು ಮೊದಲು ಹೇಳಿದವಳು ಜರಡಿ ಹೆಣೆಯುವ ಮುದುಕಿ. ದೊಡ್ಡ ನೆರೆ ಬಂದು ಹೋದ ಮರುವರ್ಷ, ಮಳೆ ಹಿಡಿದುಕೊಂಡ ಒಂದು ಮಧ್ಯಾಹ್ನ, ಜರಡಿ ರಿಪೇರಿಗೆ ತಂದು ತನ್ನ ಜಗಲಿಯಲ್ಲಿ ಕಾಯುತ್ತ ಕುಳಿತಿದ್ದ ಹೆಂಗಸರಿಗೆ ಅವಳು ಇದನ್ನು ಹೇಳಿದಳು. ಆ ಹೆಂಗಸರಲ್ಲಿ ಇಬ್ಬರ ಬಾಯಿಂದ, ಬೇರೆ ಬೇರೆ ದಿನ, ನಾನು ಕೇಳಿ ಬರೆದುಕೊಂಡೆ. ಒಬ್ಬಳು ನಕ್ಕ ಕಡೆ ಇನ್ನೊಬ್ಬಳು ಸುಮ್ಮನಾದಳು. ಸಂಗತಿಗಳಲ್ಲಿ ಮಾತ್ರ ವ್ಯತ್ಯಾಸ ಸಿಗಲಿಲ್ಲ. ಮುದುಕಿ ನೆರೆಯ ದಿನಗಳನ್ನು ಗಿರಣಿ ಮನೆಯ ಮಾಳಿಗೆಯಲ್ಲಿಯೇ ಕಳೆದವಳು. ತಾನು ಕಾಣದ್ದನ್ನು ಆ ಮನೆಯ ಮೊಮ್ಮಗಳಿಂದ ಕೇಳಿ ತಿಳಿದಳು. ಆ ಹುಡುಗಿ ಆಮೇಲೆ ಹೆಣಿಗೆ ಕಲಿಯಲೆಂದು ಅವಳ ಬಳಿಗೆ ಬರುತ್ತಿದ್ದಳು.

ಹಿಟ್ಟಿನ ಗಿರಣಿ ಹೊಳೆಗೆ ಇಳಿಯುವ ಬೀದಿಯ ಕೊನೆಯಲ್ಲಿತ್ತು. ಕೆಳಗೆ ಯಂತ್ರ, ಮೇಲೆ ಹಲಗೆ ಹಾಸಿದ ಮಾಳಿಗೆ, ಹತ್ತಲು ಬದಿಯಲ್ಲೊಂದು ಏಣಿ. ಮಾಳಿಗೆಯ ನಡುವೆ ಮೂಟೆಯೊಂದು ಸಲೀಸಾಗಿ ತೂರುವಷ್ಟು ದೊಡ್ಡ ಚೌಕ ಕಿಂಡಿ. ಕಿಂಡಿಯ ಮೇಲೆ ತೊಲೆಗೆ ಬಿಗಿದ ರಾಟೆ, ರಾಟೆಯಿಂದ ಇಳಿಬಿದ್ದ ಹಗ್ಗ, ಹಗ್ಗದ ತುದಿಯಲ್ಲಿ ಕಬ್ಬಿಣದ ಕೊಕ್ಕೆ. ಗಿರಾಕಿಗಳು ತಂದ ಗೋಧಿ ಅಂದೇ ಬೀಸಿ ಮುಗಿಯದಿದ್ದರೆ ಕತ್ತಲಾಗುವ ಮೊದಲು ಮೇಲೇರಬೇಕು. ಇದು ಯಜಮಾನಿ ಮಾಡಿದ ಕಟ್ಟು. ಬೀದಿಯವರೆಲ್ಲ ಅವಳನ್ನು ಗಿರಣಿ ದೊಡ್ಡಮ್ಮ ಎನ್ನುತ್ತಿದ್ದರು. ಹಿಂದೊಮ್ಮೆ, ಗಂಡ ತೀರಿಕೊಂಡ ವರ್ಷ, ಯಾರದೋ ಮೂಟೆ ನೆಲದ ತೇವಕ್ಕೆ ಮೊಳಕೆಯೊಡೆದು, ಬೀದಿಗೆ ಬೀದಿಯೇ ಬೇರೆ ಗಿರಣಿಯ ದಾರಿ ಹಿಡಿದಿತ್ತು. ಆ ಜನರನ್ನು ತಿರುಗಿ ತರಲು ಅವಳ ಅರ್ಧ ಆಯುಷ್ಯ ಹಿಡಿಯಿತು.

"ಜನರ ಕಾಳು ನೆಲದ ಮೇಲಿರಬಾರದು. ಮೊದಲು ಮೂಟೆ, ಆಮೇಲೆ ನಾವು," ಎನ್ನುವಳು. ಊಟಕ್ಕೆ ಕುಳಿತ ಮಗನನ್ನು ತಟ್ಟೆಯ ಮುಂದಿನಿಂದ ಎಬ್ಬಿಸುವಳು.

"ಮದುವೆ ದಿನ ನನ್ನ ಪಕ್ಕದಿಂದ ಎದ್ದು ಹೋಗಿ ಮೂಟೆ ಏರಿಸಿ ಬಂದ್ರು ನಿಮ್ಮಣ್ಣ," ಎಂದು ಸೊಸೆ ಬಾವಿಯ ಬಳಿ ಹೇಳಿ ನಗಿಸುತ್ತಿದ್ದಳು. "ನಾನೂ ಒಂದು ಮೂಟೆ ಅಂತ ಗೊತ್ತಿದ್ದಿದ್ರೆ ಮೊದಲೇ ಏರಿಸ್ತಿದ್ರೇನೋ."

ಗಿರಣಿಯ ಹಿಂಬದಿಗೆ, ಕೆಲವು ಮೆಟ್ಟಿಲು ಇಳಿದರೆ, ತಗ್ಗಿನಲ್ಲೊಂದು ಕೋಣೆ, ಹೊಳೆಯ ನೀರು ತಡೆಯಲು ಅದರ ಮುಂದೊಂದು ಗೋಡೆ. ಆ ಕೋಣೆಯಲ್ಲಿ ಕೊಡೆ ರಿಪೇರಿಯವನೂ ಅವನ ಹೆಂಡತಿಯೂ ಇದ್ದರು. ಅವನು ಮರದಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡವನು. ಮಂಚದ ಮೇಲೆ ಕುಳಿತೇ ಕಡ್ಡಿ ಕಟ್ಟುವನು, ಬಟ್ಟೆ ಹೊಲಿಯುವನು. ಮೈ ಭಾರದವನು. ಅವಳು ಬೀದಿಯ ಬಟ್ಟೆಗೆಲ್ಲ ಇಸ್ತ್ರಿ ಮಾಡುವಳು. ಗಿರಣಿಯ ಮೊಮ್ಮಗಳಿಗೆ ಅವರು ಕೊಡೆ ಮಾವ, ಇಸ್ತ್ರಿ ಅಕ್ಕ. ಎರಡು ಮನೆಗಳ ನಡುವೆ ಹಿಟ್ಟೂ ಕೆಂಡವೂ ಕೈಯಿಂದ ಕೈಗೆ ಓಡಾಡಿಕೊಂಡಿದ್ದವು.

ನೆರೆ ಬಂದ ಬೆಳಿಗ್ಗೆ ಹೊಳೆಯ ಬಣ್ಣ ನೋಡಿದವರಿಗೇ ಗೊತ್ತಾಯಿತು. ಮಾಳಿಗೆಯಿದ್ದದ್ದು ಆ ತುದಿಯಲ್ಲಿ ಗಿರಣಿಗೊಂದೇ. ದೊಡ್ಡಮ್ಮ ಬೀದಿಗೆ ಬಂದು, "ಬನ್ರೋ, ಮಕ್ಕಳನ್ನ ಕರ್ಕೊಂಡು ಎಲ್ಲರೂ ಮೇಲೆ ಬನ್ನಿ. ಸಾಮಾನು ಬೇಡ, ಜೀವ ತನ್ನಿ," ಎಂದು ಕೂಗಿದಳು. ಏಣಿ ಹತ್ತಬಲ್ಲವರೆಲ್ಲ ಹತ್ತಿದರು. ಜರಡಿ ಮುದುಕಿಯನ್ನು ಮೊಮ್ಮಗಳೇ ಕೈಹಿಡಿದು ಹತ್ತಿಸಿದಳು.

ಇಸ್ತ್ರಿ ಅಕ್ಕ ಗಿರಣಿಯ ಬಾಗಿಲಿಗೆ ಬಂದಾಗ ನೀರು ಹೊಸ್ತಿಲನ್ನು ಇನ್ನೂ ಮುಟ್ಟಿರಲಿಲ್ಲ.

"ಅಣ್ಣಾ, ನೀನೂ ಇನ್ನೊಬ್ಬರೂ ಬನ್ನಿ. ಹಲಗೆ ಮೇಲೆ ಮಲಗಿಸಿ ಇಲ್ಲಿಗೆ ತರೋಣ. ಏಣಿ ಹತ್ತೋಕಾಗಲ್ಲ, ಗೋಣಿಯ ಜೋಲಿ ಮಾಡಿ ಕೊಕ್ಕೆಗೆ ಹಾಕಿ ಎಳೀಬೇಕು."

ಮಗ ಹಗ್ಗ ಹಿಡಿದಿದ್ದ. ಮೂಟೆಯೊಂದು ಗಾಳಿಯಲ್ಲಿ ತೂಗುತ್ತಿತ್ತು. ಅವನು ತಾಯಿಯ ಕಡೆ ನೋಡಿದ.

"ನೋಡ್ತಾ ನಿಂತ್ಕೋಬೇಡ, ಎಳಿ," ಎಂದಳು ದೊಡ್ಡಮ್ಮ. ಇಸ್ತ್ರಿ ಅಕ್ಕನ ಬೆನ್ನು ಸವರಿ, "ಬಂದ್ವಿ ಕಣೇ, ಇನ್ನು ಸ್ವಲ್ಪ. ನಿಮ್ಮ ಕಡೆಗೆ ಗೋಡೆ ಇದೆ, ನೀರು ಅಷ್ಟು ಬೇಗ ಬರಲ್ಲ. ಜನರ ಕಾಳು ಇದು," ಎಂದಳು.

"ಅಲ್ಲ ದೊಡ್ಡಮ್ಮ, ಅವರು ಒಬ್ಬರೇ..."

"ಬಂದ್ವಿ ಅಂದ್ನಲ್ಲ. ಇನ್ನೊಂದು."

ಕೆಲಸ ಬೇಗ ಮುಗಿಯಲೆಂದು ಇಸ್ತ್ರಿ ಅಕ್ಕ ಸೆರಗು ಸಿಕ್ಕಿಸಿ, ಮೂಟೆಗಳನ್ನು ತಾನೇ ಉರುಳಿಸಿ ತಂದು ಕೊಕ್ಕೆಗೆ ಹಾಕತೊಡಗಿದಳು. ಮೇಲಿದ್ದವರು ಕಿಂಡಿಯ ಅಂಚಿನಲ್ಲಿ ನಿಂತು ಮೂಟೆ ಬಿಡಿಸಿಕೊಂಡರು. ಅವಳು ಪ್ರತಿ ಮೂಟೆಗೂ, "ಇದಾದ ಮೇಲೆ?" ಎಂದು ಕೇಳಿದಳು. ದೊಡ್ಡಮ್ಮ ಪ್ರತಿ ಸಲವೂ, "ಇನ್ನೊಂದು," ಎಂದಳು. ನೀರು ಹೊಸ್ತಿಲು ಮುಟ್ಟಿತು. ಕೊನೆಯ ಮೂಟೆ ಕಿಂಡಿ ದಾಟಿದಾಗ ಹಿಂದುಗಡೆ ಗೋಡೆ ಬಿದ್ದ ಸದ್ದಾಯಿತು. ಮಗ ಹಗ್ಗ ಬಿಟ್ಟು ಓಡಿದ. ಮೆಟ್ಟಿಲುಗಳಿದ್ದ ಜಾಗದಲ್ಲಿ ಕೆಂಪು ನೀರು ಸುಳಿ ತಿರುಗುತ್ತಿತ್ತು. ಅದರ ಮೇಲೆ ಬಿಚ್ಚಿದ ಕೊಡೆಗಳು ತೇಲುತ್ತಿದ್ದವು. ಧುಮುಕಲು ಹೋದ ಅವಳನ್ನು ಅವನು ತೋಳಿನಲ್ಲಿ ಇರುಕಿಕೊಂಡು ಒಳಗೆ ತಂದ. ಗೋಣಿಯ ಜೋಲಿಯಲ್ಲಿ ಅವಳನ್ನೇ ಕೂರಿಸಿ ಮೇಲಕ್ಕೆ ಎಳೆದರು.

ಆಮೇಲಿನ ದಿನಗಳ ಬಗ್ಗೆ ಹೇಳುವಾಗ ಜರಡಿ ಮುದುಕಿ, "ಅಂಥ ನೆರೆಹೊರೆ ನಾನು ಕಂಡಿಲ್ಲ," ಎಂದೇ ಶುರುಮಾಡಿದಳಂತೆ. ಅದು ಸುಳ್ಳಲ್ಲ. ದೊಡ್ಡಮ್ಮ ತನ್ನ ಮನೆಯ ಗೋಧಿ ಮೂಟೆಯ ಬಾಯಿ ಬಿಚ್ಚಿದಳು. ಗಿರಾಕಿಗಳ ಮೂಟೆಯ ಹೊಲಿಗೆಯನ್ನು ಮಾತ್ರ ಯಾರಿಗೂ ಮುಟ್ಟಗೊಡಲಿಲ್ಲ. ಕುಟ್ಟಿದ ಗೋಧಿಯ ಗಂಜಿ ಎರಡು ಹೊತ್ತು. ಕ್ಷೌರಿಕನ ಹೆಂಡತಿ ಮಕ್ಕಳ ತಲೆ ಬಾಚಿದಳು. ತನ್ನ ಮಗುವಿಗೆ ಹಾಲು ಸಾಲದ ತಾಯಿಯ ಕೂಸಿಗೆ ಇನ್ನೊಬ್ಬಳು ಮೊಲೆಯೂಡಿದಳು. ಮಳೆನೀರು ಹಿಡಿಯಲು ಸೂರಿನಡಿ ಸರದಿಯಲ್ಲಿ ನಿಂತರು. ಗಂಜಿ ಬೇಯಿಸುವ ಕೆಲಸ ಸೊಸೆಯದು. ಒಲೆಯ ಹೊಗೆಗೆ ಅವಳ ಕಣ್ಣು ಬಾತುಕೊಂಡಿತು.

ಇಸ್ತ್ರಿ ಅಕ್ಕ ಮೂಲೆಯಲ್ಲಿ ಮೂಟೆಗೊರಗಿ ಕುಳಿತಿದ್ದಳು. ಅವಳಿಗೆ ಮೊದಲ ಬಟ್ಟಲು ಗಂಜಿಯನ್ನು ದೊಡ್ಡಮ್ಮ ತಾನೇ ಕುಡಿಸಿದಳು. ಕುಡಿಸುತ್ತ, ಸುತ್ತಲಿನವರಿಗೆ ಕೇಳುವಂತೆ, "ಪಾಪ, ಗಾಬರಿಯಲ್ಲಿ ತಡವಾಗಿ ಬಂದಳು. ಒಂದು ಗಳಿಗೆ ಮುಂಚೆ ಹೇಳಿದ್ರೆ ನಾವು ಬಿಡ್ತಿದ್ವಾ?" ಎಂದಳು.

ಬಾಯಲ್ಲಿ ಗಂಜಿ ಇದ್ದವಳಿಗೆ ಮಾತು ಹೊರಡಲಿಲ್ಲ. ಮೇಲಿದ್ದವರು ಮೂಟೆ ಬಿಡಿಸಿಕೊಳ್ಳುವುದರಲ್ಲಿದ್ದರು, ಮಕ್ಕಳು ಅಳುತ್ತಿದ್ದವು, ಕೆಳಗಿನ ಮಬ್ಬಿನಲ್ಲಿ ಕೊಕ್ಕೆಗೆ ಮೂಟೆ ಹಾಕುತ್ತಿದ್ದವರು ಯಾರೆಂದು ಕಂಡಿರಲಿಲ್ಲ, ಅಲ್ಲಿನ ಮಾತು ಯಾರ ಕಿವಿಗೂ ಬಿದ್ದಿರಲಿಲ್ಲ. ಕೇಳಿಸಿಕೊಂಡವರು ಆ ಮನೆಯವರೇ: ಹಗ್ಗ ಹಿಡಿದ ಮಗ, ಏಣಿಯ ಬುಡದಲ್ಲಿದ್ದ ಸೊಸೆ, ಏಣಿಯ ಮೇಲಿದ್ದ ಮೊಮ್ಮಗಳು.

ನೀರು ಇಳಿದ ಮೇಲೆ ಕೊಡೆಯವನ ಶವ ಅವನ ಮಂಚದ ಕಾಲಿಗೆ ಸಿಕ್ಕಿಕೊಂಡ ಹಾಗೇ ದೊರೆಯಿತು. ಅವನ ತಮ್ಮ ಮೇಲಿನ ಬೀದಿಯಿಂದ ಬಂದ.

"ಅತ್ತಿಗೆ, ಅವನಿಗೆ ಕಾಲಿರಲಿಲ್ಲ. ನಿಮಗಿತ್ತಲ್ಲ?" ಎಂದ. "ಅಣ್ಣನ್ನ ನೀರಿಗೆ ಬಿಟ್ಟು ನೀವು ಮಾಳಿಗೆ ಹತ್ತಿ ಗಂಜಿ ಕುಡೀತಾ ಕೂತ್ರಿ."

"ನಾನು ಮೊದಲೇ ಬಂದು ಕೇಳ್ದೆ. ಗಿರಣಿಯವರನ್ನ ಕೇಳು."

ಅವನು ತಿರುಗಿ ನೋಡಿದ. ದೊಡ್ಡಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. "ಈಗ ಅದೆಲ್ಲ ಯಾಕಪ್ಪಾ? ದುಃಖದಲ್ಲಿ ಇರೋಳು, ಏನೋ ಅಂತಾಳೆ," ಎಂದಳು.

ಮೈದುನ ಹೆಣ ಎತ್ತಿಸಿಕೊಂಡು ಹೋದ. ಅವಳಿಗೆ ಮುಖ ನೋಡಲು ಬಿಡಲಿಲ್ಲ.

ಬೀದಿಯವರು ಕೆಸರು ಬಳಿದು ತಮ್ಮ ತಮ್ಮ ಮನೆ ಸೇರಿದರು. ಇಸ್ತ್ರಿ ಅಕ್ಕನ ಕೋಣೆ ಇರಲಿಲ್ಲ. ಇಸ್ತ್ರಿಪೆಟ್ಟಿಗೆ ಮಾತ್ರ ಕೆಸರಿನಲ್ಲಿ ಸಿಕ್ಕಿತು. ಬಟ್ಟೆ ಕೊಡುತ್ತಿದ್ದ ಮನೆಗಳು ಈಗ, "ಒಣಗಿಲ್ಲ," "ನಾವೇ ಮಾಡ್ಕೊಂಡ್ವಿ" ಎಂದವು. ಕ್ಷೌರಿಕನ ಹೆಂಡತಿ ಒಂದು ದಿನ ತನ್ನ ಮಗುವನ್ನು ಅವಳ ತೊಡೆಯಿಂದ ಎತ್ತಿಕೊಂಡು, "ಬೇಡ ಬಿಡು, ನಿನ್ನ ಕೈ ಯಾಕೋ..." ಎಂದು ಅರ್ಧಕ್ಕೆ ನಿಲ್ಲಿಸಿ ಹೋದಳು. ಗಂಡನನ್ನು ಬಿಟ್ಟು ಓಡಿದವಳು ಎಂಬ ಮಾತು ಬಾವಿಯಿಂದ ಬಾವಿಗೆ ನಡೆದಿತ್ತು.

ದೊಡ್ಡಮ್ಮ ಅವಳನ್ನು ಹೋಗಗೊಡಲಿಲ್ಲ. "ಎಲ್ಲಿಗೆ ಹೋಗ್ತೀಯ? ಇಲ್ಲೇ ಇರು. ನನ್ನ ಮಗಳ ಹಾಗೆ," ಎಂದಳು. ಹೊಸ ಸೀರೆ ಉಡಿಸಿದಳು. ಊಟಕ್ಕೆ ಪಕ್ಕದಲ್ಲಿ ಕೂರಿಸಿಕೊಂಡು ಬಿಸಿ ರೊಟ್ಟಿಯನ್ನು ಮೊದಲು ಅವಳ ತಟ್ಟೆಗೆ ಹಾಕಿಸಿದಳು.

ಇಸ್ತ್ರಿ ಅಕ್ಕ ರೊಟ್ಟಿ ಮುರಿಯುವ ಮೊದಲು ಕೇಳುವಳು: "ದೊಡ್ಡಮ್ಮ, ಯಾವಾಗ ಹೇಳ್ತೀರಿ?"

"ಏನು?"

"ನಾನು ಹೊತ್ತಿಗೆ ಬಂದಿದ್ದೆ ಅಂತ. ಅಷ್ಟು ಹೇಳಿ ಸಾಕು. ನೀವು ಕಾಯಿಸಿದ್ರಿ ಅಂತಾನೂ ಹೇಳೋದು ಬೇಡ."

"ಹೇಳೋಣ ಹೇಳೋಣ. ಮೊದಲು ತಿನ್ನು, ಆರಿಹೋಗುತ್ತೆ."

ಅವಳು ಹೊರಗೆ ಹೋದ ಹೊತ್ತು ನೋಡಿ ಮನೆಯವರು ಕಚ್ಚಾಡುವರು.

"ಅಮ್ಮಾ, ಹೇಳಿಬಿಡೋಣ," ಎಂದ ಮಗ, ಯಂತ್ರದ ಕಲ್ಲಿಗೆ ಮೆತ್ತಿದ್ದ ಕೆಸರು ಕೆರೆಯುತ್ತ. "ನನಗೆ ರೊಟ್ಟಿ ಗಂಟಲಲ್ಲಿ ಇಳೀತಿಲ್ಲ."

"ಏನಂತ ಹೇಳ್ತೀಯ? ಮೂಟೆಗೋಸ್ಕರ ಮನುಷ್ಯನನ್ನ ಬಿಟ್ವಿ ಅಂತಾನಾ? ಇಡೀ ಬೀದಿಗೆ ಗಂಜಿ ಹಾಕಿದ ಮನೆ ಇದು. ಒಂದು ಮಾತಲ್ಲಿ ಎಲ್ಲ ತೊಳೆದುಹಾಕು."

"ಅವಳ ಹೆಸರು ತೊಳೆದುಹೋಯ್ತಲ್ಲ?"

"ಅವಳಿಗೆ ಹೆಸರು ಇಟ್ಕೊಂಡು ಆಗಬೇಕಾದ್ದೇನಿದೆ? ಅನ್ನ ಇದೆ, ನೆರಳಿದೆ. ಗಿರಣಿಗೆ ಇರೋದು ಹೆಸರು ಒಂದೇ."

ಸೊಸೆ ಒಲೆಯ ಮುಂದಿನಿಂದಲೇ, "ಅನ್ನ ನೆರಳು ಕೊಟ್ಟು ಬಾಯಿಗೆ ಹೊಲಿಗೆ ಹಾಕ್ತಿದ್ದೀರಿ ಅತ್ತೆ. ಜನರ ಮೂಟೆಗೆ ಹಾಕಿದ ಹಾಗೆ," ಎಂದಳು.

"ನೀನೇನು ಮಹಾ! ಏಣಿ ಬುಡದಲ್ಲಿ ನಿಂತಿದ್ಯಲ್ಲ, ಅವತ್ತು ನಿನ್ನ ಬಾಯಿಗೆ ಯಾರು ಹೊಲಿಗೆ ಹಾಕಿದ್ರು?"

ಸೊಸೆ ಹೊಗೆಗೆಂಬಂತೆ ಮುಖ ತಿರುಗಿಸಿದಳು. ಮೊಮ್ಮಗಳು ತಟ್ಟೆಯಿಂದ ತಲೆ ಎತ್ತಿ, "ಅಜ್ಜಿ, ನಾನು ಹೇಳ್ತೀನಿ. ನಾನು ಕೇಳಿಸ್ಕೊಂಡಿದ್ದೀನಿ," ಎಂದಳು.

ದೊಡ್ಡಮ್ಮ ಹುಡುಗಿಯ ಕೆನ್ನೆಗೆ ಹೊಡೆದಳು. ಆಮೇಲೆ ಅದೇ ಕೈಯಿಂದ ಅವಳ ರೊಟ್ಟಿಗೆ ಬೆಲ್ಲ ಇಟ್ಟಳು.

ಇಷ್ಟಾದ ಮೇಲೆ ದೊಡ್ಡಮ್ಮ ಮಾತು ಕೊಟ್ಟಳು. ಗಿರಣಿ ಮತ್ತೆ ತಿರುಗುವ ದಿನ ಬೀದಿಯವರೆಲ್ಲ ತಮ್ಮ ಮೂಟೆ ಒಯ್ಯಲು ಬರುತ್ತಾರೆ. ಅಂದು ಎಲ್ಲರೆದುರು ಹೇಳುತ್ತೇನೆ ಎಂದಳು. ಇಸ್ತ್ರಿ ಅಕ್ಕ ಅಂದಿನಿಂದ ಮನೆಯ ಕೆಲಸಕ್ಕೆ ನಿಂತಳು. ಕಲ್ಲು ಉಜ್ಜಿದಳು, ಬೆಲ್ಟಿಗೆ ಎಣ್ಣೆ ಸವರಿದಳು, ಮನೆಮಂದಿಯ ಬಟ್ಟೆಗೆ ಕೆಂಡ ಹಾಕಿ ಇಸ್ತ್ರಿ ಮಾಡಿದಳು. ಮೈದುನನಿಗೂ ಹೇಳಿ ಕಳಿಸಿದಳು: ಬರಬೇಕು, ಒಂದು ಮಾತು ಕೇಳಿಕೊಂಡು ಹೋಗಬೇಕು.

ಅವನು ಬಂದ. ಬೀದಿಯೆಲ್ಲ ಬಂತು. ಬೆಲ್ಟು ಚಟಪಟನೆ ತಿರುಗಿ ಮೊದಲ ಹಿಟ್ಟು ಬಿದ್ದಿತು. ಕಿಂಡಿಯಿಂದ ಮೂಟೆಗಳು ಒಂದೊಂದಾಗಿ ಇಳಿದವು, ಒಂದರಲ್ಲೂ ತೇವವಿರಲಿಲ್ಲ. ಜನ ಕೈಯಿಕ್ಕಿ ಕಾಳು ಮೂಸಿ ನೋಡಿದರು. ಕ್ಷೌರಿಕ, "ನಮ್ಮ ಮನೇಲಿ ನನ್ನ ಕತ್ತಿನೇ ತುಕ್ಕು ಹಿಡೀತು. ನಿಮ್ಮ ಮನೇಲಿ ನನ್ನ ಗೋಧಿ ನನಗಿಂತ ಚೆನ್ನಾಗಿದೆ ದೊಡ್ಡಮ್ಮ," ಎಂದ. ಎಲ್ಲರೂ ನಕ್ಕರು. ಎದುರುಮನೆಯ ಹಿರಿಯರು ಅವಳಿಗೆ ಶಾಲು ಹೊದಿಸಿದರು.

ಇಸ್ತ್ರಿ ಅಕ್ಕ ಕಿಂಡಿಯ ಕೆಳಗೆ, ಹಗ್ಗದ ಪಕ್ಕದಲ್ಲಿ ನಿಂತಿದ್ದಳು. ಅವಳ ಕಣ್ಣು ಶಾಲಿನ ಮೇಲಿರಲಿಲ್ಲ, ದೊಡ್ಡಮ್ಮನ ತುಟಿಯ ಮೇಲಿತ್ತು.

ದೊಡ್ಡಮ್ಮ ಅವಳನ್ನು ಹತ್ತಿರ ಕರೆದಳು. ಭುಜದ ಮೇಲೆ ಕೈಹಾಕಿದಳು. "ಇವಳಿಗೆ ಯಾರೂ ಏನೂ ಅನ್ನಬೇಡಿ," ಎಂದಳು. "ಹೆಂಗಸು, ನೀರು ಕಂಡು ಹೆದರಿದಳು. ಹೆದರಿದವರು ಓಡೋದು ಸಹಜ. ಬಂದು ಹೇಳೋ ಹೊತ್ತಿಗೆ ಗೋಡೆ ಬಿದ್ದಿತ್ತು. ಯಾರೂ ಏನೂ ಮಾಡೋ ಹಾಗಿರಲಿಲ್ಲ. ನಾನು ಕ್ಷಮಿಸಿದ್ದೀನಿ, ನೀವೂ ಕ್ಷಮಿಸಿ."

ಬೀದಿ ತಲೆದೂಗಿತು. ಎಂಥ ದೊಡ್ಡ ಮನಸ್ಸು ಎಂದಿತು. ಮೈದುನ ನೆಲಕ್ಕೆ ಉಗಿದು ಹೊರಟುಹೋದ.

ಇಸ್ತ್ರಿ ಅಕ್ಕ ಮಗನ ಕಡೆ ನೋಡಿದಳು. ಅವನು ಬೆಲ್ಟಿನ ಕಡೆ ಬಗ್ಗಿದ. ಸೊಸೆಯ ಕಡೆ ನೋಡಿದಳು. ಸೊಸೆ ಬಂದವರಿಗೆ ನೀರು ತರಲೆಂದು ಒಳಗೆ ಹೋದಳು. ಹುಡುಗಿ ಬಾಯಿ ತೆರೆದಳು. ತಂದೆ ಅವಳ ತೋಳು ಗಟ್ಟಿಯಾಗಿ ಹಿಡಿದಿದ್ದ.

"ಆಗಲಿ ದೊಡ್ಡಮ್ಮ," ಎಂದಳು ಇಸ್ತ್ರಿ ಅಕ್ಕ. ಅಂದಿನಿಂದ ಊಟಕ್ಕೆ ಕರೆದರೆ, "ನಿಮ್ಮದಾಗಲಿ," ಎನ್ನುತ್ತಿದ್ದಳಂತೆ. ಎಲ್ಲರದೂ ಆದ ಮೇಲೆ ಒಲೆಯ ಬಳಿ ಕೂತು ಆರಿದ ರೊಟ್ಟಿ ತಿನ್ನುತ್ತಿದ್ದಳು. ಆ ಪ್ರಶ್ನೆಯನ್ನು ಮತ್ತೆ ಕೇಳಲಿಲ್ಲ.

ನೆರೆಯ ದಿನಗಳಲ್ಲಿ ಒದ್ದೆ ಬಟ್ಟೆಯಲ್ಲಿ ಓಡಾಡಿದ್ದಕ್ಕೋ ಏನೋ, ದೊಡ್ಡಮ್ಮನ ಎದೆಗೆ ಕಫ ಕಟ್ಟಿತು. ಕೆಳಗೆ ಗೋಡೆಯ ತೇವ ಆರಿರಲಿಲ್ಲವೆಂದು ಅವಳ ಮಂಚವನ್ನು ಮಾಳಿಗೆಗೇ ಏರಿಸಿದರು, ಕಿಂಡಿಯ ಪಕ್ಕಕ್ಕೆ. ಅಲ್ಲಿಂದ ಕೆಳಗಿನ ಕೆಲಸ ಕಾಣಿಸುತ್ತದೆಂದು ಅವಳೇ ಹಟ ಹಿಡಿದಳು. ಕೆಮ್ಮು ಕಟ್ಟಿದಾಗ ಅವಳಿಗೆ ಉಸಿರು ಸಿಕ್ಕಿಕೊಳ್ಳುವುದು. ಆಗ ಯಾರಾದರೂ ಬೆನ್ನಿಗೆ ಕೈಕೊಟ್ಟು ಎತ್ತಿ ಕೂರಿಸಿ, ಬೆನ್ನು ತಟ್ಟಿ ಕಫ ಉಗುಳಿಸಬೇಕು. ಕೂಗಲಾರದವಳು ಹಿತ್ತಾಳೆ ಲೋಟದಿಂದ ಹಲಗೆ ಕುಟ್ಟುವಳು. ಆ ಸದ್ದು ಕೇಳಿದರೆ ಇಸ್ತ್ರಿ ಅಕ್ಕ ಕೈಯಲ್ಲಿದ್ದುದನ್ನು ಬಿಟ್ಟು ಓಡುವಳು. ಮಗನಿಗಿಂತ ಮೊದಲು, ಸೊಸೆಗಿಂತ ಮೊದಲು. ಕಫದ ಬಟ್ಟಲು ತೊಳೆಯುವಳು, ಹಾಸಿಗೆಯ ಬಟ್ಟೆಗೆ ಬಿಸಿ ಇಸ್ತ್ರಿ ಎಳೆದು ಬೆಚ್ಚಗೆ ಮಾಡಿ ಹಾಸುವಳು.

"ನೋಡಿದ್ಯಾ?" ಎಂದು ದೊಡ್ಡಮ್ಮ ಸೊಸೆಯನ್ನು ಚುಚ್ಚುವಳು. "ಹೊರಗಿನವಳು ಇವಳು. ನೀನು ಮನೆಯವಳು."

"ಅವಳು ಇರೋದಕ್ಕೇ ನಾನು ಅಡುಗೆ ಮಾಡ್ತಿದ್ದೀನಿ ಅತ್ತೆ. ಇಲ್ದಿದ್ರೆ ಇಬ್ಬರೂ ಉಪವಾಸ."

ಒಂದು ದಿನ ಸೊಸೆಯ ತಂಗಿಗೆ ಹೆರಿಗೆಯಾದ ಸುದ್ದಿ ಬಂತು. ಮಗು ನೋಡಿ ಸಂಜೆಗೆ ಹಿಂದಿರುಗುವುದೆಂದು ಮಗ, ಸೊಸೆ, ಮೊಮ್ಮಗಳು ಮೂವರೂ ಹೊರಟರು. ಹುಡುಗಿ ಬಾಗಿಲಿನಿಂದ ತಿರುಗಿ, "ಅಕ್ಕ, ಲೋಟದ ಸದ್ದು..." ಎಂದಳು.

"ನನಗೆ ಕೇಳಿಸುತ್ತೆ ಪುಟ್ಟಿ, ಹೋಗು," ಎಂದಳು ಇಸ್ತ್ರಿ ಅಕ್ಕ.

ಮಧ್ಯಾಹ್ನ ಗಾಡಿಯೊಂದು ಬಂದು ಮೂಟೆಗಳನ್ನು ಇಳಿಸಿ ಹೋಯಿತು. ಹಿಂದೆಯೇ ಮಳೆ ಹನಿಯಿತು. ಗಿರಣಿಯ ನೆಲ ಇನ್ನೂ ಹಸಿ. ಇಸ್ತ್ರಿ ಅಕ್ಕ ಸೆರಗು ಸಿಕ್ಕಿಸಿ ಕೊಕ್ಕೆ ಎಳೆದುಕೊಂಡಳು. ಮೇಲೆ ಬಿಡಿಸಿಕೊಳ್ಳುವವರಿಲ್ಲದ್ದರಿಂದ, ಒಂದು ಮೂಟೆ ಎಳೆಯುವುದು, ಹಗ್ಗವನ್ನು ಕಂಬಕ್ಕೆ ಬಿಗಿಯುವುದು, ಏಣಿ ಹತ್ತಿ ಮೂಟೆಯನ್ನು ಕಿಂಡಿಯಿಂದ ಒಳಕ್ಕೆ ಎಳೆದು ಸಾಲಿನಲ್ಲಿಡುವುದು, ಮತ್ತೆ ಇಳಿಯುವುದು. ಮುಂದಿನದನ್ನು ಅವಳೇ ತನ್ನ ಬಾಯಿಂದ, ಸಂಜೆ ಹಿಂದಿರುಗಿದ ಆ ಮೂವರ ಮುಂದೆ, ಏನೂ ಮುಚ್ಚದೆ ಹೇಳಿದಳು.

ಮೊದಲ ಮೂಟೆ ಗಾಳಿಯಲ್ಲಿದ್ದಾಗ ಲೋಟದ ಸದ್ದು ಬಂತು. ಅವಳು ಹಗ್ಗ ಬಿಗಿದು ಏಣಿ ಹತ್ತಿದಳು. ದೊಡ್ಡಮ್ಮ ಮಲಗಿದಲ್ಲೇ ಬಾಯಿ ತೆರೆದಿದ್ದಳು, ಕುತ್ತಿಗೆಯ ನರ ಉಬ್ಬಿತ್ತು. ಒಂದು ಕೈ ಮುಂದಕ್ಕೆ ಚಾಚಿದಳು. ಇಸ್ತ್ರಿ ಅಕ್ಕ ಮೂಟೆಯನ್ನು ಒಳಕ್ಕೆಳೆದು, ಕೊಕ್ಕೆ ಬಿಡಿಸಿ, ಸಾಲಿನಲ್ಲಿಟ್ಟಳು.

"ಬಂದೆ ದೊಡ್ಡಮ್ಮ, ಇನ್ನು ಸ್ವಲ್ಪ," ಎಂದಳು. "ಜನರ ಕಾಳು."

ಇಳಿದಳು. ಎರಡನೆಯದನ್ನು ಎಳೆದಳು. ಲೋಟ ಕುಟ್ಟುತ್ತಲೇ ಇತ್ತು. ಹತ್ತಿದಳು. ದೊಡ್ಡಮ್ಮನ ಕೈ ಅವಳ ಸೀರೆಯ ಅಂಚನ್ನು ಹಿಡಿಯಿತು; ಅದು ದೊಡ್ಡಮ್ಮನೇ ಉಡಿಸಿದ ಸೀರೆ. ಅವಳು ಬೆರಳುಗಳನ್ನು ಮೆಲ್ಲಗೆ ಬಿಡಿಸಿ, ಹೊದಿಕೆಯೊಳಗೆ ಇಟ್ಟು, ಹೊದಿಕೆ ಸರಿಮಾಡಿದಳು.

"ಇನ್ನೊಂದು," ಎಂದಳು.

ಪ್ರತಿ ಮೂಟೆಗೂ ಹತ್ತಿದಳು, ಇಳಿದಳು. ಪ್ರತಿ ಮೂಟೆಯೂ ದೊಡ್ಡಮ್ಮನ ಕಣ್ಣೆದುರೇ ಕಿಂಡಿಯಿಂದ ತಲೆ ಎತ್ತಿ ತೂಗಾಡಿತು. ಲೋಟದ ಸದ್ದು ಬಿಟ್ಟು ಬಿಟ್ಟು ಬರತೊಡಗಿತು. ಆಮೇಲೆ ಲೋಟ ಕಿಂಡಿಯಿಂದ ಕೆಳಗೆ ಬಿದ್ದು ಅವಳ ಕಾಲಬಳಿ ಉರುಳಿತು. ಅವಳು ಅದನ್ನು ಎತ್ತಿ ಕಂಬದ ಪಕ್ಕ ಇಟ್ಟಳು. ಕೊನೆಯ ಮೂಟೆ ಏರಿಸಿದಳು. ಬಳಿಕ ಕೈತೊಳೆದು, ಮೇಲೆ ಹೋಗಿ, ಬೆನ್ನಿಗೆ ಕೈಕೊಟ್ಟು ದೊಡ್ಡಮ್ಮನನ್ನು ಎತ್ತಿ ಕೂರಿಸಿದಳು. ತಲೆ ಅವಳ ಭುಜಕ್ಕೆ ವಾಲಿತು.

ಮನೆಯವರು ಬಂದಾಗ ಅವಳು ಮಂಚದ ಬಳಿ ಕುಳಿತಿದ್ದಳು. ಹೇಳಬೇಕಾದದ್ದನ್ನು ಹೇಳಿದಳು.

"ಕೇಳಿಸ್ತಾ ನಿಂಗೆ?" ಎಂದು ಮಗ ಅರಚಿದ. "ಲೋಟದ ಸದ್ದು ಕೇಳಿಸ್ತಾ?"

"ಕೇಳಿಸ್ತು ಅಣ್ಣ. ಹೊತ್ತಿಗೆ ಸರಿಯಾಗೇ ಕರೆದ್ರು." ಅವಳು ಸಾಲಿನ ಕಡೆ ಕೈತೋರಿಸಿದಳು. "ಒಂದು ಹಿಡಿ ಕಾಳೂ ನೆನೆದಿಲ್ಲ, ನೋಡು. ಬೇಕಾದ್ರೆ ಬೀದಿಗೆ ಕೂಗಿ ಹೇಳು. ಎಲ್ಲ ಹೇಳು, ಮೊದಲಿಂದ."

ಅವನು ಅವಳ ಕುತ್ತಿಗೆಗೆ ಕೈಹಾಕಲು ಹೋದ. ಸೊಸೆ ನಡುವೆ ಬಂದಳು. ಅಷ್ಟರಲ್ಲಿ ಹುಡುಗಿಯ ಅಳು ಕೇಳಿ ಬೀದಿಯವರು ಏಣಿ ಹತ್ತತೊಡಗಿದ್ದರು. ಕ್ಷೌರಿಕ ಏಣಿಯಿಂದ ತಲೆ ಎತ್ತಿ, "ಏನಾಯ್ತಪ್ಪಾ? ಹೇಗಾಯ್ತು?" ಎಂದು ಕೇಳಿದ.

ಮಗ ಇಸ್ತ್ರಿ ಅಕ್ಕನನ್ನು ನೋಡಿದ. ಅವಳು, ಅಂದು ದೊಡ್ಡಮ್ಮನ ತುಟಿಯನ್ನು ನೋಡಿದಂತೆಯೇ, ಈಗ ಅವನ ತುಟಿಯನ್ನು ನೋಡುತ್ತಿದ್ದಳು.

"ನಿದ್ದೆಯಲ್ಲೇ ಹೋಗಿಬಿಟ್ಲು," ಎಂದ ಅವನು. "ಯಾರೂ ಏನೂ ಮಾಡೋ ಹಾಗಿರಲಿಲ್ಲ."

ಇಸ್ತ್ರಿ ಅಕ್ಕ ಎದ್ದಳು. ದೊಡ್ಡಮ್ಮ ಉಡಿಸಿದ ಸೀರೆಯನ್ನು ಮೂಟೆಗಳ ಮರೆಯಲ್ಲಿ ಬಿಚ್ಚಿಟ್ಟು ತನ್ನ ಹಳೆಯದನ್ನು ಉಟ್ಟುಕೊಂಡು, ಇಸ್ತ್ರಿಪೆಟ್ಟಿಗೆ ಎತ್ತಿಕೊಂಡು, ಜನರ ನಡುವೆ ದಾರಿ ಮಾಡಿಕೊಂಡು ಇಳಿದು ಹೋದಳು. ಇಷ್ಟು ದಿನ ಸೇವೆ ಮಾಡಿದವಳು ಹೆಣ ಎತ್ತುವವರೆಗೂ ನಿಲ್ಲಲಿಲ್ಲವಲ್ಲ, ಓಡುವುದೇ ಅವಳ ಗುಣ ಎಂದು ಬೀದಿ ಆಡಿಕೊಂಡಿತು.

ಜರಡಿ ಮುದುಕಿ ಇಲ್ಲಿಗೆ ನಿಲ್ಲಿಸಿ, ಹಲ್ಲಿನಿಂದ ದಾರ ಕಚ್ಚಿ ತುಂಡರಿಸಿದಳು. ಜಗಲಿಯ ತುದಿಯಲ್ಲಿ ಕ್ಷೌರಿಕನ ಹೆಂಡತಿ ಕುಳಿತಿದ್ದಳು. ಅವಳು, "ಆ ಗೋಧಿ ಯಾರದು, ಆ ದಿನ ಗಾಡಿಯಲ್ಲಿ ಬಂದದ್ದು?" ಎಂದು ಕೇಳಿದಳು.

"ನಿಮ್ಮದೂ ಇತ್ತು ಅದರಲ್ಲಿ," ಎಂದಳು ಮುದುಕಿ. "ಚೆನ್ನಾಗಿತ್ತಾ ರೊಟ್ಟಿ?"

ಮಳೆ ಬಿಟ್ಟಿರಲಿಲ್ಲ, ಆದರೂ ಹೆಂಗಸರು ಎದ್ದರು, ತಮ್ಮ ತಮ್ಮ ಜರಡಿಯನ್ನು ತಲೆಯ ಮೇಲೆ ಹಿಡಿದು, ಅದರ ಕಣ್ಣುಗಳಿಂದ ನೀರು ಸೋರುತ್ತಿರಲು, ಒಬ್ಬರ ಹಿಂದೆ ಒಬ್ಬರು ಮನೆಗೆ ಹೋದರು.